ಗಾಂಜಾ ಜಾಲ ಮತ್ತು ನಮ್ಮ ಮನೆಯ ಹುಡುಗರು



ತೊಗರಿಗೆ ಕಾಯಿಕೊರಕ ಬಿದ್ದರೆ ನಾವು ಮೊದಲ ವಾರದಲ್ಲೇ ಗುರುತು ಹಿಡಿಯುತ್ತೇವೆ. ಮನೆಯ ಹುಡುಗನ ಮೇಲೆ ಗಾಂಜಾ ಜಾಲದ ಕಣ್ಣು ಬಿದ್ದದ್ದು ಮಾತ್ರ ಪೊಲೀಸರು ಬಾಗಿಲಿಗೆ ಬಂದ ಮೇಲೆ ತಿಳಿಯುತ್ತದೆ.

ಕೊಹೀರ್, ಜಹೀರಾಬಾದ್, ನಾರಾಯಣಖೇಡ್ ಸೀಮೆಗೆ ಈ ಅಪಾಯ ಎರಡು ಕಡೆಯಿಂದ ಬರುತ್ತದೆ. ಒಂದು, ಹೈದರಾಬಾದಿನಿಂದ ಪುಣೆಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ. ಆಂಧ್ರ-ಒಡಿಶಾ ಗಡಿಯ ಕಾಡುಗಳಲ್ಲಿ ಬೆಳೆದ ಗಾಂಜಾ ಮಹಾರಾಷ್ಟ್ರಕ್ಕೆ ಸಾಗುವ ದಾರಿಗಳಲ್ಲಿ ಇದೂ ಒಂದು; ಚಿರಾಗಪಲ್ಲಿ ಬಳಿ ಹಲವು ಬಾರಿ ಮಾಲು ಸಿಕ್ಕಿದೆ. ಇನ್ನೊಂದು ನಮ್ಮ ಹೊಲಗಳೇ. ಕಬ್ಬು, ಹತ್ತಿ, ತೊಗರಿಯ ಸಾಲುಗಳ ನಡುವೆ ಗಾಂಜಾ ಬೆಳೆಸಿ ಸಿಕ್ಕಿಬಿದ್ದವರು ಈ ಭಾಗದಲ್ಲಿದ್ದಾರೆ. ಅಂಥವರಿಗೆ ರೈತಬಂಧು ಹಣ ನಿಲ್ಲಿಸುವುದಾಗಿ 2021ರಲ್ಲಿ ರಾಜ್ಯ ಸರ್ಕಾರ ಹೇಳಿತ್ತು. ಹೊಲವನ್ನು ಗುತ್ತಿಗೆಗೆ ಕೊಟ್ಟವರೂ ಆಗಾಗ ಒಳಗೆ ಹೋಗಿ ನೋಡಬೇಕು. ಗಿಡ ಕಂಡೂ ತಿಳಿಸದ ಭೂಮಾಲೀಕನಿಗೆ ಶಿಕ್ಷೆಯುಂಟು.

ಜಾಲದವರು ಮೊದಲ ದಿನವೇ ಮಾಲು ಹೊರಿಸುವುದಿಲ್ಲ. ಮೊದಲು ಸ್ನೇಹ, ಊಟ, ಒಂದು ಮೊಬೈಲು. ಆಮೇಲೆ "ಈ ಚೀಲ ಅಲ್ಲಿ ಕೊಟ್ಟು ಬಾ" ಎಂಬ ಸಣ್ಣ ಕೆಲಸ, ಕೈತುಂಬ ಹಣ. ಕೊನೆಗೆ ಸಾಲ. ಇಂಗ್ಲೆಂಡಿನಲ್ಲಿ ನಗರದ ತಂಡಗಳು ಮಕ್ಕಳ ಕೈಯಲ್ಲಿ ಸಣ್ಣ ಊರುಗಳಿಗೆ ಮಾಲು ಕಳಿಸುವುದನ್ನು 'ಕೌಂಟಿ ಲೈನ್ಸ್' ಎನ್ನುತ್ತಾರೆ. ಅಲ್ಲಿ ತಂಡದವರೇ ದಾರಿಯಲ್ಲಿ ಹುಡುಗನಿಂದ ಮಾಲು ದೋಚಿಸಿ, ಅದರ ಬೆಲೆಯನ್ನು ಅವನ ತಲೆಗೆ ಕಟ್ಟುವುದುಂಟು. ಜೀತದ ಲೆಕ್ಕವನ್ನು ನಮ್ಮ ಅಜ್ಜಂದಿರು ಬಲ್ಲರು. ಇದೂ ಅದೇ ಲೆಕ್ಕ. ಆ ಸಾಲ ತೀರಿಸಿದರೆ ಮಗ ಬಿಡುಗಡೆಯಾಗುತ್ತಾನೆಂದು ಎತ್ತು ಮಾರಬೇಡಿ. ಮತ್ತೊಂದು ಸಾಲ ಹುಟ್ಟುತ್ತದೆ.

ಗಮನಿಸಬೇಕಾದದ್ದು: ಸಂಪಾದನೆಯಿಲ್ಲದೆ ಬಂದ ಹೊಸ ಫೋನು, ಯಾರದೋ ಬೈಕು, ಹೇಳದೆ ಹೋಗುವ ರಾತ್ರಿಗಳು, ಫೋನು ಬಂದರೆ ಮುಖದಲ್ಲಿ ಭಯ. ಒಂದು ಚಿಹ್ನೆಯಿಂದ ತೀರ್ಮಾನ ಬೇಡ. ಹೊಸ ಫೋನು ಕೊಂಡವರೆಲ್ಲ ಕಳ್ಳರಲ್ಲ!

ಆಗ ಕೋಲು ತೆಗೆದುಕೊಳ್ಳುವುದು ನಮ್ಮ ಹಳೆಯ ಅಭ್ಯಾಸ. ಹೊಡೆದರೆ ಹುಡುಗ ಯಾರ ಬಳಿ ಓಡಿಹೋಗುತ್ತಾನೆಂದು ಯೋಚಿಸಿ. "ನಿನ್ನನ್ನು ಜೈಲಿಗೆ ಹಾಕುತ್ತಾರೆ, ಅಪ್ಪ ಮನೆಗೆ ಸೇರಿಸುವುದಿಲ್ಲ" ಎಂದು ಅವರು ಮೊದಲೇ ಹೇಳಿಕೊಟ್ಟಿರುತ್ತಾರೆ. ಆ ಮಾತು ಸುಳ್ಳೆಂದು ತೋರಿಸಬೇಕಾದವರು ನಾವೇ. ರಾತ್ರಿ ಊಟವಾದ ಮೇಲೆ, ತಮ್ಮ ತಂಗಿಯರಿಲ್ಲದಾಗ, ಕೂರಿಸಿ ಕೇಳಿ. ಪೂರ್ತಿ ಹೇಳಲು ಕೆಲವು ದಿನ ಹಿಡಿಯಬಹುದು.

ಕಾನೂನೂ ಅವನ ಕಡೆಗಿದೆ. 2015ರ ಬಾಲನ್ಯಾಯ ಕಾಯಿದೆಯಂತೆ 18 ತುಂಬದವರಿಂದ ಮಾದಕ ವಸ್ತು ಸಾಗಿಸುವವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ. 1098ಕ್ಕೆ ಫೋನು ಮಾಡಿದರೆ ಮಕ್ಕಳ ಕಲ್ಯಾಣ ಸಮಿತಿಯವರೆಗೆ ದಾರಿ ತೋರಿಸುತ್ತಾರೆ. 18 ದಾಟಿದವನ ವಿಷಯ ಬೇರೆ: 20 ಕಿಲೋಗಿಂತ ಹೆಚ್ಚು ಗಾಂಜಾ ಸಿಕ್ಕರೆ ಕನಿಷ್ಠ 10 ವರ್ಷ ಸೆರೆ. ಅಂಥವನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಕೇಳಿ. ಜಾಲದ ಸುದ್ದಿ ಮುಟ್ಟಿಸಲು 1933. ನೀವಾಗಿ ಹೋಗಿ ಅವರೊಡನೆ ಜಗಳಕ್ಕೆ ನಿಲ್ಲಬೇಡಿ.

ಹುಡುಗ ಸೇದುವುದನ್ನೂ ಕಲಿತಿದ್ದರೆ 14446ರಲ್ಲಿ ಸಲಹೆ ಸಿಗುತ್ತದೆ. ಬೆಳೆಯುವ ವಯಸ್ಸಿನ ಮಿದುಳಿಗೆ ಗಾಂಜಾ ಹೆಚ್ಚು ಕೆಡಕು. ಕೆಲವರಲ್ಲಿ ಭ್ರಮೆ, ಅನುಮಾನದ ಕಾಯಿಲೆ ತರುತ್ತದೆ. ಮಂತ್ರ ಹಾಕಿಸುತ್ತಾ ದಿನ ಕಳೆಯದೆ ವೈದ್ಯರಿಗೆ ತೋರಿಸಿ.

ಮರಳಿ ಬಂದವನ ಕೈಗೆ ಕೆಲಸ ಬೇಕು, ಅವನದೇ ಎನ್ನುವ ಸ್ವಲ್ಪ ಹಣವೂ ಬೇಕು. ಅರ್ಧ ಎಕರೆ ಸೀಬೆ, ನಾಲ್ಕು ಮೇಕೆ ಅವನ ಲೆಕ್ಕಕ್ಕೇ ಬಿಡಿ. ಜಹೀರಾಬಾದ್ ಬಳಿಯ ದಿಡ್ಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ವಿಚಾರಿಸಬಹುದು. ದಾರಿ ತಪ್ಪಿದ ಮಗನ ಸಾಮತಿಯಲ್ಲಿ ಸಿಟ್ಟಾಗಿ ಹೊರಗೆ ನಿಂತವನು ಅಣ್ಣ. ನಿಮ್ಮ ಮನೆಯ ಅಣ್ಣನಿಗೂ ಮೊದಲೇ ವಿಷಯ ತಿಳಿಸಿ ಒಪ್ಪಿಸಿಕೊಳ್ಳಿ.