ಗಾಜೀಪುರದ ವಿಜ್ಞಾನ ಸಂಘ

1848ರಲ್ಲಿ ದೆಹಲಿಯ ತರುಣ ಮುನ್ಸೀಫರೊಬ್ಬರು ಉರ್ದುವಿನಲ್ಲಿ ಒಂದು ಕಿರುಹೊತ್ತಗೆ ಬರೆದರು. ಭೂಮಿಯು ಚಲಿಸುವುದಿಲ್ಲವೆಂದು ತರ್ಕದಿಂದ ಸ್ಥಾಪಿಸುವುದು ಅದರ ಉದ್ದೇಶ. ಅವರು ಅಜ್ಞಾನಿಗಳಲ್ಲ. ಅವರ ತಾಯಿಯ ತಂದೆ ಗಣಿತ, ಖಗೋಳಗಳಲ್ಲಿ ಪಾರಂಗತರು. ಆದರೆ ಆ ಮನೆತನಕ್ಕೆ ಬಂದಿದ್ದುದು ಗ್ರೀಕರ ಟಾಲಮಿಯಿಂದ ಅರಬ್ಬರ ಮೂಲಕ ಹರಿದುಬಂದ ಹಳೆಯ ವಿದ್ಯೆ. ಅದರಲ್ಲಿ ಭೂಮಿಯೇ ವಿಶ್ವದ ನಡುವಿನ ಸ್ಥಿರಬಿಂದು.

ಆ ಮುನ್ಸೀಫರೇ ಸಯ್ಯದ್ ಅಹಮದ್ ಖಾನ್. ಕಾಲಕ್ರಮದಲ್ಲಿ ಅವರು ತಮ್ಮ ವಾದವನ್ನು ಕೈಬಿಟ್ಟು, ಭೂಮಿ ಸೂರ್ಯನನ್ನು ಸುತ್ತುವುದೆಂದು ಒಪ್ಪಿದರು. ಪಂಡಿತರಾದವರಿಗೆ ಇದು ಸುಲಭದ ಮಾತಲ್ಲ.

1857ರ ಸಂಗ್ರಾಮದಲ್ಲಿ ದೆಹಲಿ ಹಾಳಾಯಿತು. ಸಯ್ಯದರು ಬಂಧುಗಳನ್ನು ಕಳೆದುಕೊಂಡರು. ಆಳುವವರ ಬಲವು ಫಿರಂಗಿಗಳಲ್ಲಿ ಮಾತ್ರವಲ್ಲ, ಅವರ ವಿದ್ಯೆಯಲ್ಲಿಯೂ ಇದೆಯೆಂಬುದು ಅವರಿಗೆ ಮನವರಿಕೆಯಾಯಿತು. ಆ ವಿದ್ಯೆ ಜನರ ನುಡಿಯಲ್ಲಿಯೇ ದೊರೆಯಲೆಂದು 1864ರಲ್ಲಿ ಗಾಜೀಪುರದಲ್ಲಿ ವಿಜ್ಞಾನ ಸಂಘವನ್ನು ಸ್ಥಾಪಿಸಿದರು. ಅವರಿಗೆ ವರ್ಗವಾದಾಗ ಸಂಘವೂ ಅಲೀಗಢಕ್ಕೆ ಹೋಯಿತು. ಹಿಂದೂಗಳು, ಮುಸಲ್ಮಾನರು, ಆಂಗ್ಲರು ಅದರ ಸದಸ್ಯರಾಗಿದ್ದರು. ರಾಜಾ ಜಯಕಿಶನ್ ದಾಸರು ಸಯ್ಯದರಿಗೆ ಬಲಗೈಯಾಗಿದ್ದರು. ಚರಿತ್ರೆ, ಅರ್ಥಶಾಸ್ತ್ರ, ಬೇಸಾಯ, ವಿದ್ಯುಚ್ಛಕ್ತಿ ಮೊದಲಾದ ವಿಷಯಗಳ ಗ್ರಂಥಗಳು ಉರ್ದುವಿಗೆ ಬಂದವು. 1866ರಿಂದ ಸಂಘದ ಪತ್ರಿಕೆಯೂ ಹೊರಟಿತು. ಅದರಲ್ಲಿ ಇಂಗ್ಲಿಷ್ ಹಾಗೂ ಉರ್ದು ಬರಹಗಳೆರಡೂ ಇರುತ್ತಿದ್ದವು.

ಹೊಸ ವಿದ್ಯೆಯಿಂದ ಧರ್ಮ ಕೆಡುವುದೆಂಬ ಭಯ ಅನೇಕರಲ್ಲಿತ್ತು. ಪ್ರಕೃತಿಯು ದೇವರ ಕೃತಿ, ಕುರಾನ್ ದೇವರ ವಾಣಿ. ಕೃತಿಗೂ ವಾಣಿಗೂ ವಿರೋಧವಿರಲಾರದೆಂದು ಸಯ್ಯದರು ಉತ್ತರಿಸಿದರು. ಉಲೇಮಾಗಳಲ್ಲಿ ಹಲವರು ಕೆರಳಿದರು. ಅವರ ವಿರುದ್ಧ ಫತ್ವಾಗಳು ಹೊರಟವು. ಪ್ರಕೃತಿಯನ್ನೇ ನೆಚ್ಚಿದವರೆಂಬ ಅರ್ಥದಲ್ಲಿ ಅವರನ್ನು ‘ನೇಚರಿ’ ಎಂದು ಹೀಯಾಳಿಸಿದರು. ಅವರು ಹಿಂಜರಿಯಲಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ಅವರ ನಿಲುವು ಬದಲಾಯಿತು. 1867ರಲ್ಲಿ ದೇಶಭಾಷೆಯ ವಿಶ್ವವಿದ್ಯಾನಿಲಯ ಬೇಕೆಂದು ಸರ್ಕಾರವನ್ನು ಕೇಳಿದವರು, 1877ರಲ್ಲಿ ಅಲೀಗಢದಲ್ಲಿ ಕಾಲೇಜಿಗೆ ತಳಹದಿ ಹಾಕಿಸಿದಾಗ ಬೋಧನೆಗೆ ಇಂಗ್ಲಿಷನ್ನೇ ಆರಿಸಿದರು. ಉದ್ಯೋಗಗಳೆಲ್ಲ ಇಂಗ್ಲಿಷಿನ ಕೈಯಲ್ಲಿದ್ದ ಕಾಲವದು. ಅವರನ್ನು ಹಳಿಯುವುದು ನ್ಯಾಯವಲ್ಲ. ಆದರೂ ಅನುವಾದದ ಆ ಮಹತ್ಕಾರ್ಯ ಕುಂಠಿತವಾದುದು ನಷ್ಟವೇ ಸರಿ.

ಸಯ್ಯದರು 1898ರಲ್ಲಿ ನಿಧನರಾದರು. ಅವರ ಮೊದಲ ಕನಸು 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಕೈಗೂಡಿತು. ಅಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಉರ್ದುವಿನಲ್ಲಿ ಕಲಿಸಿದರು. ಅದೇ ಸಂಸ್ಥಾನದ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ಮನೆಮಾತಿನ ಹುಡುಗರಿಗೆ ಉರ್ದುವೂ ಕಲಿತು ದಾಟಬೇಕಾದ ಇನ್ನೊಂದು ಹೊಳೆಯೇ ಆಗಿತ್ತು.