ನಲ್ಲಿಯ ನೀರಿನಿಂದ ಸಂಸತ್ತಿನವರೆಗೆ: ಮೃಣಾಲ್ ಗೋರೆ ಅವರ ನಾಗರಿಕ ಸೇವೆ

ಪ್ರಜಾಪ್ರಭುತ್ವವೆಂದರೆ ಐದು ವರ್ಷಗಳಿಗೊಮ್ಮೆ ಮತ ಚಲಾಯಿಸುವುದಷ್ಟೇ ಅಲ್ಲ. ತನ್ನ ಬೀದಿಯ ನಲ್ಲಿ, ಪಡಿತರ ಅಂಗಡಿ, ವಾಸದ ಮನೆ ಇವುಗಳ ಬಗ್ಗೆ ಪ್ರಶ್ನಿಸುವ ಹಕ್ಕು ಸಾಮಾನ್ಯ ಪ್ರಜೆಗೆ ಇದೆಯೆಂಬ ಅರಿವೂ ಅದರ ಅಂಗವೇ ಆಗಿದೆ. ಈ ಅರಿವನ್ನು ಮುಂಬಯಿಯ ಉಪನಗರಗಳ ಗೃಹಿಣಿಯರಲ್ಲಿ ಮೂಡಿಸಿದವರಲ್ಲಿ ಮೃಣಾಲ್ ಗೋರೆ ಅವರ ಹೆಸರು ಅಗ್ರಗಣ್ಯವಾದುದು.

1928ರಲ್ಲಿ ಜನಿಸಿದ ಮೃಣಾಲ್ ಅವರು ವೈದ್ಯಕೀಯ ವಿದ್ಯಾರ್ಥಿನಿಯಾಗಿದ್ದಾಗಲೇ ರಾಷ್ಟ್ರ ಸೇವಾ ದಳದ ಪ್ರಭಾವಕ್ಕೆ ಒಳಗಾಗಿ, ವ್ಯಾಸಂಗವನ್ನು ತ್ಯಜಿಸಿ ಸಮಾಜವಾದಿ ಚಳವಳಿಯನ್ನು ಸೇರಿದರು. ಅದೇ ಚಳವಳಿಯ ಕಾರ್ಯಕರ್ತರಾದ ಕೇಶವ ಗೋರೆ ಅವರನ್ನು 1948ರಲ್ಲಿ ವಿವಾಹವಾದರು. ಇದು ಅಂತರ್ಜಾತೀಯ ವಿವಾಹವಾಗಿತ್ತು. ದಂಪತಿಗಳು ಗೋರೆಗಾಂವನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಆರಿಸಿಕೊಂಡರು. 1958ರಲ್ಲಿ ಪತಿ ಅಕಾಲ ಮರಣಕ್ಕೆ ತುತ್ತಾದಾಗ ಅವರಿಗಿನ್ನೂ ಮೂವತ್ತು ವರ್ಷ. ಪುಟ್ಟ ಮಗಳ ಪಾಲನೆಯ ಹೊಣೆ ಇದ್ದರೂ ಅವರು ಸಾರ್ವಜನಿಕ ಜೀವನದಿಂದ ಹಿಂದೆ ಸರಿಯಲಿಲ್ಲ.

ನೀರಿಗಾಗಿ ಹೋರಾಟ

ಮುಂಬಯಿ ನಗರಕ್ಕೆ ನೀರೊದಗಿಸಲು 1860ರ ವೇಳೆಗೆ ನಿರ್ಮಾಣಗೊಂಡ ವಿಹಾರ ಸರೋವರ ಗೋರೆಗಾಂವದ ಪೂರ್ವದ ಬೆಟ್ಟಗಳ ನಡುವೆಯೇ ಇದೆ. ಆದರೆ ಅದರ ನೀರು ಕೊಳವೆಗಳ ಮೂಲಕ ದಕ್ಷಿಣದ ನಗರಕ್ಕೆ ಹರಿಯುತ್ತಿದ್ದಾಗ, ಸುತ್ತಲಿನ ವಸತಿಗಳ ಜನ ಬಾವಿಗಳನ್ನು ಅವಲಂಬಿಸಬೇಕಾಗಿತ್ತು. 1957ರಲ್ಲಿ ಉತ್ತರದ ಉಪನಗರಗಳು ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದವು. ಎಲ್ಲೆ ವಿಸ್ತರಿಸಿದಷ್ಟು ಶೀಘ್ರವಾಗಿ ಸೌಲಭ್ಯಗಳು ವಿಸ್ತರಿಸಲಿಲ್ಲ.

1961ರಲ್ಲಿ ಮಹಾನಗರಪಾಲಿಕೆಗೆ ಚುನಾಯಿತರಾದ ಮೃಣಾಲ್ ಅವರು ಈ ಅನ್ಯಾಯವನ್ನೇ ತಮ್ಮ ಮುಖ್ಯ ವಿಷಯವನ್ನಾಗಿ ಕೈಗೆತ್ತಿಕೊಂಡರು. ಖಾಲಿ ಕೊಡಗಳನ್ನು ಹೊತ್ತ ಮಹಿಳೆಯರೊಡನೆ ಅಧಿಕಾರಿಗಳ ಬಾಗಿಲಿಗೆ ಹೋದರು. ನೀರಿನ ಕೊರತೆಯ ಭಾರವನ್ನು ಮೊದಲು ಹೊರುವವಳು ಮನೆಯ ಹೆಣ್ಣುಮಗಳು. ಆದುದರಿಂದ ಅದರ ಪರಿಹಾರದಲ್ಲಿಯೂ ಅವಳ ದನಿ ಕೇಳಬೇಕೆಂಬುದು ಅವರ ನಿಲುವಾಗಿತ್ತು. ಜನರು ಅವರನ್ನು 'ಪಾಣಿವಾಲಿ ಬಾಯಿ', ಎಂದರೆ ನೀರು ತಂದ ತಾಯಿ, ಎಂದು ಕರೆದರು. ಈ ಹೆಸರು ಜೀವನಪರ್ಯಂತ ಉಳಿಯಿತು.

ಲಟ್ಟಣಿಗೆಯ ಮೆರವಣಿಗೆ

1972ರ ಬರಗಾಲದ ಸಮಯದಲ್ಲಿ ಧಾನ್ಯ, ಎಣ್ಣೆ, ಸಕ್ಕರೆ, ಸೀಮೆಎಣ್ಣೆಗಳ ಬೆಲೆ ಗಗನಕ್ಕೇರಿತು. ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್, ಪ್ರಮೀಳಾ ದಂಡವತೆ, ತಾರಾ ರೆಡ್ಡಿ ಮೊದಲಾದವರು ಪಕ್ಷಭೇದವನ್ನು ಬದಿಗಿರಿಸಿ ಬೆಲೆಯೇರಿಕೆ ವಿರೋಧಿ ಮಹಿಳಾ ಸಮಿತಿಯನ್ನು ರಚಿಸಿದರು. ಗೃಹಿಣಿಯರು ಲಟ್ಟಣಿಗೆಯಿಂದ ತಟ್ಟೆ ಬಾರಿಸುತ್ತಾ ಬೀದಿಗಿಳಿದರು. ಅಡುಗೆಮನೆಯ ಸಾಧನವೇ ಪ್ರತಿಭಟನೆಯ ಚಿಹ್ನೆಯಾಯಿತು. ಅದೇ ವರ್ಷ ಮೃಣಾಲ್ ಅವರು ಮಹಾರಾಷ್ಟ್ರ ವಿಧಾನಸಭೆಗೆ ಆಯ್ಕೆಯಾದರು.

1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಭೂಗತರಾಗಿ ಕೆಲಸ ಮಾಡಿ, ಬಂಧನಕ್ಕೊಳಗಾಗಿ ಸೆರೆಮನೆವಾಸ ಅನುಭವಿಸಿದರು. 1977ರಲ್ಲಿ ಮುಂಬಯಿ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾದರು. ಕೇಂದ್ರದಲ್ಲಿ ಸಚಿವ ಪದವಿಯ ಆಹ್ವಾನ ಬಂದರೂ ಅದನ್ನು ಸ್ವೀಕರಿಸಲಿಲ್ಲವೆಂಬುದು ಗಮನಾರ್ಹ.

ಹೆಣ್ಣುಮಗುವಿನ ರಕ್ಷಣೆ

1985ರಲ್ಲಿ ಪುನಃ ವಿಧಾನಸಭೆಯನ್ನು ಪ್ರವೇಶಿಸಿದ ಅವರು, ಭ್ರೂಣದ ಲಿಂಗಪತ್ತೆ ಪರೀಕ್ಷೆಗಳನ್ನು ನಿಷೇಧಿಸಲು 1986ರಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಗರ್ಭಸ್ಥ ಶಿಶುವಿನ ದೋಷಗಳನ್ನು ಅರಿಯಲು ಬಂದ ವಿಜ್ಞಾನ, ಹೆಣ್ಣನ್ನು ಹುಟ್ಟುವ ಮುನ್ನವೇ ಇಲ್ಲವಾಗಿಸುವ ಉಪಾಯವಾಗಿ ಬಳಕೆಯಾಗುತ್ತಿದ್ದ ಕಾಲವದು. ಮಹಿಳಾ ಸಂಘಟನೆಗಳ ಒತ್ತಾಯದ ಫಲವಾಗಿ 1988ರಲ್ಲಿ ಮಹಾರಾಷ್ಟ್ರ ಈ ಬಗ್ಗೆ ಶಾಸನವನ್ನು ರಚಿಸಿತು. 1994ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯವಾಗುವ ಕಾಯಿದೆಯನ್ನು ಅಂಗೀಕರಿಸಿತು.

ವಸತಿಯ ಪ್ರಶ್ನೆಯಲ್ಲಿಯೂ ಅವರ ಕೊಡುಗೆ ಸ್ಮರಣೀಯ. ನಗರದಲ್ಲಿ ಹೆಚ್ಚುವರಿ ಭೂಮಿಯನ್ನು ಸರ್ಕಾರ ವಹಿಸಿಕೊಳ್ಳಲು 1976ರ ನಗರ ಭೂಮಿತಿ ಕಾಯಿದೆ ಅವಕಾಶ ನೀಡಿತ್ತು. ಅಂತಹ ಭೂಮಿ ಕಡಿಮೆ ವರಮಾನದವರಿಗೆ ದೊರೆಯಬೇಕೆಂದು ಅವರು ಸಹಕಾರ್ಯಕರ್ತರೊಡನೆ ನಾಗರಿ ನಿವಾರಾ ಪರಿಷದ್ ಮೂಲಕ ದೀರ್ಘಕಾಲ ಹೋರಾಡಿದರು. ಗೋರೆಗಾಂವ ಪೂರ್ವದ ದಿಂಡೋಶಿಯಲ್ಲಿ ಆರು ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿಗೆ ಮನೆ ದೊರೆತದ್ದು ಇದರ ಫಲ.

2012ರ ಜುಲೈ 17ರಂದು ಮೃಣಾಲ್ ಗೋರೆ ನಿಧನರಾದರು. ಅವರು ಎತ್ತಿದ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ಅನಧಿಕೃತ ಕೊಳೆಗೇರಿಗಳ ನಿವಾಸಿಗಳಿಗೂ ಕುಡಿಯುವ ನೀರನ್ನು ನಿರಾಕರಿಸಲಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯ 2014ರಲ್ಲಿ ಹೇಳಬೇಕಾಗಿ ಬಂತು. ಉದ್ಯೋಗವನ್ನರಸಿ ಮುಂಬಯಿಗೆ ತೆರಳಿ ಉಪನಗರಗಳಲ್ಲಿ ನೆಲೆಸಿದ ಅಸಂಖ್ಯ ಕನ್ನಡಿಗರಿಗೂ ಈ ಹೋರಾಟಗಳ ಫಲ ಸಂದಿದೆ.

ಅವರ ಜೀವನದಿಂದ ನಾವು ಕಲಿಯಬೇಕಾದ ಪಾಠ ಸರಳವಾದುದು. ಹಕ್ಕುಗಳು ಶಾಸನದ ಪುಟಗಳಲ್ಲಿ ಮಾತ್ರ ಇದ್ದರೆ ಸಾಲದು, ಅವುಗಳನ್ನು ಕೇಳುವವರಿರಬೇಕು. ಕೇಳುವವರು ಒಬ್ಬೊಬ್ಬರಾಗಿ ಅಲ್ಲದೆ ನೆರೆಹೊರೆಯವರೊಡನೆ ಕೂಡಿ, ಪಟ್ಟುಬಿಡದೆ ಕೇಳಿದರೆ, ಒಂದು ಬೀದಿಯ ನಲ್ಲಿಯ ಪ್ರಶ್ನೆಯೂ ಇಡೀ ನಾಡಿನ ಪ್ರಶ್ನೆಯಾಗಬಲ್ಲದು.