ಫಿಲ್ಮ್ ಬಿಡಿಸುವ ಕೂಲಿ

ಕಾರಿಗೆ ಪಿಪಿಎಫ್, ಅಂದರೆ ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸುವವರು ಬ್ರ್ಯಾಂಡ್ ಕೇಳುತ್ತಾರೆ, ವಾರಂಟಿ ಎಷ್ಟು ವರ್ಷ ಅಂತ ಕೇಳುತ್ತಾರೆ. ನಾಳೆ ಇದನ್ನು ಬಿಡಿಸುವುದಕ್ಕೆ ಎಷ್ಟಾಗುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಬೆಂಗಳೂರಿನಲ್ಲಿ ಇಡೀ ಕಾರಿಗೆ ಒಳ್ಳೆಯ ಫಿಲ್ಮ್ ಎಂದರೆ ಲಕ್ಷದ ಆಸುಪಾಸಿನ ಮಾತು. ಬಿಡಿಸುವ ಖರ್ಚು ಕೊಟೇಶನ್ನಿನಲ್ಲಿ ಇರುವುದಿಲ್ಲ.

ನನ್ನ ಪಾಲಿಗೆ ಆ ಖರ್ಚು ಬಂದದ್ದು ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ. ಬಿಳಿ ಗಾಡಿಯ ಬಾನೆಟ್ ಹಳೇ ಪಂಚೆಯ ಹಾಗೆ ಹಳದಿಗಟ್ಟಿತ್ತು. ‘ಪಿಪಿಎಫ್ ಇದೆ ಸಾರ್’ ಎಂದು ಮಾರುವವರು ಅದನ್ನೇ ಹೆಚ್ಚುಗಾರಿಕೆಯಾಗಿ ಹೇಳಿದರು. ನಾನು ಅದನ್ನು ಗಾಡಿಯ ಮೇಲಿನ ಬಾಕಿ ಎಂದು ಎಣಿಸಿ ಚೌಕಾಸಿಗೆ ಇಳಿದೆ.

ಒಂದು ಅನುಮಾನವೂ ಇತ್ತು. ಕಂಪನಿಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಫಿಲ್ಮ್ ಒಂದೇ 150ರಿಂದ 200. ದಪ್ಪ ಅಳೆಯಲು ಮೇಲಿಟ್ಟ ಮೀಟರು ಎರಡನ್ನೂ ಕೂಡಿಸಿ ತೋರಿಸುವುದರಿಂದ, ಕೆಳಗೆ ರೀಪೇಂಟ್ ಆಗಿದೆಯೋ ಇಲ್ಲವೋ ಗೊತ್ತಾಗುವುದು ಕಷ್ಟ.

ಬಿಡಿಸಲು ವಿಚಾರಿಸಿದರೆ ಅಂಗಡಿಗೊಂದು ದರ. ಕಾರಣ ಗಮ್ಮು. ಪಾಲಿಯುರೆಥೇನ್ ಫಿಲ್ಮ್ ಹೊಸದಿದ್ದಾಗ ರಬ್ಬರಿನಂತೆ ಎಳೆಯುತ್ತದೆ, ಬಿಸಿ ಕೊಟ್ಟರೆ ಅಗಲವಾಗಿ ಎದ್ದು ಬರುತ್ತದೆ. ವರ್ಷಗಟ್ಟಲೆ ಬಿಸಿಲು ಕುಡಿದ ಮೇಲೆ ಚೂರುಚೂರಾಗಿ ಹರಿಯುತ್ತದೆ, ಗಮ್ಮು ಪೇಂಟಿನ ಮೇಲೇ ಉಳಿಯುತ್ತದೆ. ಅಗ್ಗದ ಪಿವಿಸಿ ಆದರೆ ಗೋಳು ಇನ್ನೂ ಜಾಸ್ತಿ. ಹೀಟ್ ಗನ್ ಅಥವಾ ಸ್ಟೀಮ್ ಹಿಡಿದು, ಮೇಲಕ್ಕೆ ಜಗ್ಗದೆ ಬಾನೆಟ್ಟಿಗೆ ಒರಗಿಸಿದಂತೆ ನಿಧಾನವಾಗಿ ಎಳೆಯಬೇಕು. ಆಮೇಲೆ ದ್ರಾವಣ ಹಚ್ಚಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಗಮ್ಮು ತಳ್ಳುವುದು. ಬ್ಲೇಡ್ ತಾಗಿಸುವ ಹಾಗಿಲ್ಲ. ಸಾಮಾನಿಗೆ ಹೆಚ್ಚು ದುಡ್ಡಿಲ್ಲ, ನೀವು ಕೊಡುವುದು ಆಳಿನ ಗಂಟೆಗಳಿಗೆ, ಮೇಲೆ 18% ಜಿಎಸ್‌ಟಿಗೆ. ಮುಂದೂಡಿದಷ್ಟೂ ಆ ಗಂಟೆಗಳು ಬೆಳೆಯುತ್ತವೆ.

ನಾನು ಒಪ್ಪಿಸಿದ ಅಂಗಡಿಯ ಹುಡುಗ ಬಾಗಿಲ ರಬ್ಬರಿನ ಮೇಲೆ ಹಾರಿದ್ದ ಬಣ್ಣ ನೋಡಿಯೇ, ‘ಬಾನೆಟ್ ನಮ್ ಜವಾಬ್ದಾರಿ ಸಾರ್. ಎಡಗಡೆ ಫೆಂಡರ್ ರೀಪೇಂಟು, ಬಣ್ಣ ಎದ್ ಬಂದ್ರೆ ನಮ್ಮನ್ ಕೇಳ್ಬೇಡಿ’ ಎಂದ. ಅವನ ಮಾತು ಸರಿ. ಕಾರ್ಖಾನೆಯಲ್ಲಿ ಪೇಂಟನ್ನು ಸುಮಾರು 140 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಗ್ಯಾರೇಜಿನ ಬೂತ್ 60ರ ಆಚೀಚೆ, ಎಷ್ಟೋ ಕಡೆ ಬೂತೇ ಇಲ್ಲ. ಹಿಡಿತ ಸಡಿಲವಿದ್ದರೆ ಫಿಲ್ಮಿನೊಂದಿಗೆ ಬಣ್ಣವೂ ಹೊರಡುತ್ತದೆ. ಆ ಒಂದು ಫೆಂಡರ್ ಬಿಟ್ಟು ಉಳಿದದ್ದನ್ನು ತೆಗೆಸಿದೆ.

ಹೊಸ ಫಿಲ್ಮ್ ಹಾಕಿಸಿದರೆ ಬಿಡಿಸಿದ ಕೂಲಿ ಮನ್ನಾ ಎಂದು ಅಂಗಡಿಯ ಮಾಲೀಕರು ಹೇಳಿದರು. ಮನ್ನಾ ಆಗುವುದು ಸಾವಿರಗಳು, ಕಟ್ಟಬೇಕಾದದ್ದು ಲಕ್ಷ. ದಿನವೂ ಹೆದ್ದಾರಿಯಲ್ಲಿ ಜಲ್ಲಿ ಲಾರಿಗಳ ಹಿಂದೆ ಓಡುವವರಿಗೆ ಅದು ಗಿಟ್ಟೀತು. ಊರೊಳಗೆ ಆಫೀಸಿಗೆ ಹೋಗಿಬರುವ ನನ್ನ ಗಾಡಿಗೆ ಗಿಟ್ಟುವುದಿಲ್ಲ. ಕೂಲಿ ಪೂರ್ತಿ ಎಣಿಸಿ ಕೊಟ್ಟೆ. ಫೆಂಡರಿನ ಫಿಲ್ಮ್ ಇನ್ನೂ ಹಳದಿಯಾಗಿಯೇ ಇದೆ. ಯಾರಾದರೂ ಸ್ಕೂಟರಿನವರು ಉಜ್ಜಿ, ಹೇಗೂ ಪೇಂಟ್ ಮಾಡಿಸಬೇಕಾಗಿ ಬಂದ ದಿನ ಎರಡೂ ಒಟ್ಟಿಗೆ ಹೋಗಲಿ.